ಬಾರ್ಬೆಕ್ಯೂ ಸಾಸ್ ಕೈಕೊಟ್ಟರೆ: ದೋಷ ಪಾತ್ರೆಯಲ್ಲೋ, ಕೆಂಡದಲ್ಲೋ?

ಮನೆಯಲ್ಲಿ ಮಾಡಿದ ಬಾರ್ಬೆಕ್ಯೂ ಸಾಸ್ ಕೆಟ್ಟಿತು ಎನ್ನುವವರಲ್ಲಿ ಎಷ್ಟೋ ಜನರ ಸಾಸ್ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅದನ್ನು ಮಾಂಸಕ್ಕೆ ಹಚ್ಚಿದ ಹೊತ್ತು, ಇಲ್ಲವೇ ಕೆಳಗಿದ್ದ ಕೆಂಡ. ಆದರೆ ಬಾಯಿಗೆ ಕಹಿ ಹತ್ತಿದ ಕೂಡಲೇ ಕೈ ಹೋಗುವುದು ಬೆಲ್ಲದ ಡಬ್ಬಕ್ಕೆ. ಇನ್ನೊಂದು ಹಿಡಿ ಬೆಲ್ಲ ಬಿದ್ದರೆ ಮುಂದಿನ ಸಲ ಅದೇ ಸಾಸ್ ಇನ್ನೂ ಬೇಗ ಸೀಯುತ್ತದೆ, ಇನ್ನೂ ಕಹಿಯಾಗುತ್ತದೆ. ಹಾಗಾಗಿ ಏನನ್ನೂ ಸೇರಿಸುವ ಮೊದಲು ದೋಷ ಎಲ್ಲಿದೆ ಅಂತ ಹುಡುಕಿ.

ಇಲ್ಲಿ ಮಾತಾಡುತ್ತಿರುವುದು ಅಮೆರಿಕದ ಕನ್ಸಾಸ್ ಸಿಟಿ ಬಗೆಯ ಸಾಸ್ ಬಗ್ಗೆ. ಟೊಮ್ಯಾಟೊ, ಕಾಕಂಬಿ (ಮೊಲಾಸಿಸ್), ವಿನೆಗರ್ ಸೇರಿದ, ದಪ್ಪ, ಸಿಹಿ, ಕಂದು ಕೆಂಪಿನ ಸಾಸ್. ಅಂಗಡಿಯಲ್ಲಿ ಬಾರ್ಬೆಕ್ಯೂ ಸಾಸ್ ಅಂತ ಸಿಗುವ ಬಾಟಲಿಗಳಲ್ಲಿ ಹೆಚ್ಚಿನವು ಇದರ ದಾರಿಯವೇ. ಅಳತೆಗೊಂದು ಆಧಾರ ಬೇಕಲ್ಲ, ಅದಕ್ಕೆ ಇದನ್ನು ಇಟ್ಟುಕೊಳ್ಳಿ: ಒಂದೂವರೆ ಕಪ್ ಕೆಚಪ್, ಅರ್ಧ ಕಪ್ ವಿನೆಗರ್, ಅರ್ಧ ಕಪ್ ನೀರು, ಅರ್ಧ ಕಪ್ ಪುಡಿ ಮಾಡಿದ ಬೆಲ್ಲ, ಎರಡು ದೊಡ್ಡ ಚಮಚ ಕಾಕಂಬಿ, ಒಂದು ದೊಡ್ಡ ಚಮಚ ವೂಸ್ಟರ್ ಸಾಸ್, ಎರಡು ಚಿಕ್ಕ ಚಮಚ ಬ್ಯಾಡಗಿ ಪುಡಿ, ಒಂದು ಚಿಕ್ಕ ಚಮಚ ಸಾಸಿವೆ ಪುಡಿ, ಅರ್ಧ ಚಿಕ್ಕ ಚಮಚ ಕಾಳುಮೆಣಸಿನ ಪುಡಿ, ಒಂದು ಸಣ್ಣ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಬೆಣ್ಣೆ. ಉಪ್ಪು ಕೊನೆಗೆ. ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ.

ಕಾಕಂಬಿ ಸಿಗದಿದ್ದರೆ ಮಲೆನಾಡು, ಉತ್ತರ ಕನ್ನಡದ ಕಡೆಯ ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ ಹಾಕಿ. ಕಾಕಂಬಿಯ ಕಹಿ ಅದಕ್ಕಿಲ್ಲ, ಆದರೆ ಗಾಢ ರುಚಿ ಇದೆ. ಅಮೆರಿಕದವರು ಹಾಕುವ ಪ್ಯಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ ಬದಲು ಬ್ಯಾಡಗಿ ಹಾಕುವುದಕ್ಕೆ ಸಂಕೋಚವೇ ಬೇಡ. ಎರಡರ ಕೆಲಸವೂ ಬಣ್ಣ ಜಾಸ್ತಿ ಕೊಟ್ಟು ಖಾರ ಕಡಿಮೆ ಕೊಡುವುದೇ.

ಮೊದಲು ಮೂರು ತುತ್ತಿನ ಪರೀಕ್ಷೆ

ಒಂದು ಚಮಚ ಸಾಸನ್ನು ಸ್ಟೀಲ್ ತಟ್ಟೆಗೆ ಹಾಕಿ ಐದು ನಿಮಿಷ ಬಿಡಿ. ಪೂರ್ತಿ ಆರಿದ ಮೇಲೆ ನೆಕ್ಕಿ ನೋಡಿ. ಕುದಿಯುವಾಗ ರುಚಿ ನೋಡಿದರೆ ಲೆಕ್ಕ ತಪ್ಪುತ್ತದೆ. ವಿನೆಗರ್‌ನ ಆವಿ ಮೂಗಿಗೆ ಹೊಡೆದು ಹುಳಿ ಇರುವುದಕ್ಕಿಂತ ಜಾಸ್ತಿ ಅನಿಸುತ್ತದೆ, ಸಾಸ್ ಕೂಡ ಇರುವುದಕ್ಕಿಂತ ತೆಳ್ಳಗೆ ಕಾಣುತ್ತದೆ.

ಎರಡನೆಯ ತುತ್ತು ಸಾಸ್ ಹಚ್ಚದೆ ಅದೇ ಕೆಂಡದ ಮೇಲೆ ಸುಟ್ಟ ಮಾಂಸದ ತುಂಡು. ಉಪ್ಪು, ಮೆಣಸು ಮಾತ್ರ ಇರಲಿ. ಮೂರನೆಯದು ಸಾಸ್ ಹಚ್ಚಿ ಸುಟ್ಟಿದ್ದು.

ತಟ್ಟೆಯ ಸಾಸೇ ಸರಿಯಿಲ್ಲ ಅಂದರೆ ದೋಷ ಪಾತ್ರೆಯಲ್ಲಿದೆ. ಸಾಸ್ ಚೆನ್ನಾಗಿದ್ದು ಬರೀ ಮಾಂಸವೇ ಕಹಿ ಅಂದರೆ ಹೊಗೆಯದು ತಪ್ಪು. ಎರಡೂ ಚೆನ್ನಾಗಿದ್ದು ಮೂರನೆಯದು ಮಾತ್ರ ಕಹಿಯಾದರೆ ಸಕ್ಕರೆ ಸೀದಿದೆ. ಹತ್ತು ನಿಮಿಷದ ಕೆಲಸ ಇದು. ಇದನ್ನು ಬಿಟ್ಟು ಪಾತ್ರೆಗೆ ಅದು ಇದು ಸುರಿಯುತ್ತಾ ಹೋದರೆ ಕೊನೆಗೆ ಎರಡು ಲೀಟರ್ ಸಾಸ್ ಇರುತ್ತದೆ, ರುಚಿ ಇರುವುದಿಲ್ಲ.

ಮಾಂಸದ ಮೇಲೆ ಕರ್ರಗೆ, ಬಾಯಲ್ಲಿ ಕಹಿ

ಡಲ್ಲಾಸ್‌ನಲ್ಲಿರುವ ನಮ್ಮ ಭಾವ ಒಂದು ಫೋಟೋ ಕಳಿಸಿದ್ದರು. ಕೋಳಿ ಕಾಲು. ಹೊರಗೆ ಗುಳ್ಳೆ ಎದ್ದು ಒಡೆದ ಕರಿ ಚಕ್ಕೆಗಳು, ಕಚ್ಚಿದ ಕಡೆ ಮೂಳೆಯ ಪಕ್ಕದಲ್ಲಿ ಇನ್ನೂ ಗುಲಾಬಿ ಬಣ್ಣ.

"ಸಾಸ್ ಹಾಳಾಯ್ತು ಕಣಯ್ಯ, ಬರೀ ಕಹಿ."

"ಭಾವ, ಸಾಸ್ ಹಚ್ಚಿದ್ದು ಯಾವಾಗ?"

"ರಾತ್ರಿನೇ ಕಲಸಿ ಫ್ರಿಜ್‌ನಲ್ಲಿ ಇಟ್ಟಿದ್ದೆ. ನಮ್ಮ ಕಬಾಬ್‌ಗೆ ಕಲಸಿ ಇಡಲ್ವಾ, ಹಾಗೆ."

ನಮ್ಮವರ ಕೈಯಲ್ಲಿ ಈ ಸಾಸ್ ಸೀಯುವುದಕ್ಕೆ ಇದೇ ದೊಡ್ಡ ಕಾರಣ. ನಮಗೆ ಗೊತ್ತಿರುವುದು ಕಲಸಿ ಇಡುವ ಮಸಾಲೆ. ಅದರಲ್ಲಿ ಖಾರದ ಪುಡಿ, ಶುಂಠಿ ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಇರುತ್ತದೆ. ಸಕ್ಕರೆ ಇರುವುದಿಲ್ಲ, ಇದ್ದರೂ ಚಿಟಿಕೆ. ಈ ಸಾಸ್‌ನಲ್ಲಿ ಬೆಲ್ಲ ಇದೆ, ಕಾಕಂಬಿ ಇದೆ, ಸಾಲದ್ದಕ್ಕೆ ಕೆಚಪ್‌ನಲ್ಲೇ ಸುಮಾರು ಕಾಲು ಭಾಗ ಸಕ್ಕರೆ. ಮಾಂಸ ಬೇಯುವ ಮೊದಲೇ ಇದನ್ನು ಬಳಿದು ಕೆಂಡಕ್ಕೆ ಹಿಡಿದರೆ ಹೊರಗಿನ ಸಕ್ಕರೆ ಸೀಯಲೇಬೇಕು.

ಮಾಮೂಲಿ ಸಕ್ಕರೆ 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಂದಾಗಲು ಶುರುವಾಗುತ್ತದೆ. ಅಲ್ಲಿಂದ ಸ್ವಲ್ಪ ಮೇಲೆ ಹೋದರೆ ಕಹಿ. ಜೇನಿನಲ್ಲಿರುವ ಫ್ರುಕ್ಟೋಸ್‌ಗೆ 110ರ ಹತ್ತಿರವೇ ಸಾಕು. ಬೆಲ್ಲದ ಬದಲು ಜೇನು ಹಾಕಿದ ಸಾಸ್ ಇನ್ನೂ ಬೇಗ ಕರಿಯಾಗುವುದು ಅದಕ್ಕೇ. ಇನ್ನೊಂದು ಕಡೆ ನಿಗಿನಿಗಿ ಕೆಂಡದ ಮೇಲಿನ ಕಂಬಿಯ ಬಿಸಿ 250 ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಕೋಳಿ ಕಾಲು ಒಳಗೆ ಬೇಯಲು ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಸಾಸ್‌ಗೆ ಬೇಕಾಗಿರುವುದು ಕೊನೆಯ ಹತ್ತು ನಿಮಿಷ ಮಾತ್ರ.

ಹಾಗಾದರೆ ಅಮೆರಿಕದವರು ಹೇಗೆ ಗಂಟೆಗಟ್ಟಲೆ ಬೇಯಿಸುತ್ತಾರೆ? ಅವರ ಆ ಗಂಟೆಗಟ್ಟಲೆಯ ಬಾರ್ಬೆಕ್ಯೂ ಅಂದರೆ ನೇರ ಕೆಂಡದ ಅಡುಗೆ ಅಲ್ಲ. ಬೆಂಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ, ಮೇಲೆ ಮುಚ್ಚಳ, ಒಳಗೆ 105ರಿಂದ 120 ಡಿಗ್ರಿ, ಜೊತೆಗೆ ಸೌದೆಯ ಹೊಗೆ. ಅಷ್ಟು ಮಂದ ಬಿಸಿಯಲ್ಲಿ ಸಾಸ್ ಸೀಯುವುದು ಕಡಿಮೆ. ಅಲ್ಲೂ ಕನ್ಸಾಸ್ ಸಿಟಿ ಸಾಸನ್ನು ಹಚ್ಚುವುದು ಕೊನೆಯಲ್ಲಿ, ಅಥವಾ ಊಟದ ಮೇಜಿನ ಮೇಲೆ. ಮೊದಲಿಂದ ಕೊನೆಯವರೆಗೂ ಹಚ್ಚುತ್ತಾ ಹೋಗಬಹುದಾದ ಸಾಸ್ ಬೇಕಿದ್ದರೆ ನಾರ್ತ್ ಕೆರೊಲಿನಾದ ಪೂರ್ವ ಭಾಗದ್ದನ್ನು ನೋಡಿ. ವಿನೆಗರ್, ಕೆಂಪು ಮೆಣಸಿನಕಾಯಿ, ಉಪ್ಪು ಅಷ್ಟೇ. ಟೊಮ್ಯಾಟೊ ಇಲ್ಲ, ಸಕ್ಕರೆ ಇದ್ದರೂ ಹೆಸರಿಗೆ. ಸೀಯಲು ಅದರಲ್ಲಿ ಏನಿದೆ? ಅಲಬಾಮಾದ ಡೆಕೇಟರ್‌ನಲ್ಲಿ ಬಿಗ್ ಬಾಬ್ ಗಿಬ್ಸನ್ 1925ರಲ್ಲಿ ಶುರುಮಾಡಿದ ಅಂಗಡಿಯ ಬಿಳಿ ಸಾಸ್ ಇನ್ನೊಂದು ದಾರಿ ಹಿಡಿಯಿತು. ಮೇಯೊನೇಸ್, ವಿನೆಗರ್ ಸೇರಿದ ಆ ಸಾಸ್‌ನಲ್ಲಿ ಕೋಳಿಯನ್ನು ಅದ್ದುವುದು ಬೆಂದು ಕೆಳಗಿಳಿದ ಮೇಲೆ. ಸಾಸ್ ಬದಲಾದರೆ ಹಚ್ಚುವ ಹೊತ್ತೂ ಬದಲಾಗುತ್ತದೆ.

ಈಗ ಸರಿಪಡಿಸುವ ಬಗೆ. ಇದ್ದಿಲನ್ನು ಒಲೆಯ ಒಂದೇ ಪಕ್ಕಕ್ಕೆ ತಳ್ಳಿ. ಇನ್ನೊಂದು ಪಕ್ಕ ಖಾಲಿ ಇರಲಿ. ಕೆಂಡದ ಮೇಲೆ, ಕಂಬಿಯಿಂದ ಒಂದು ಗೇಣು ಎತ್ತರಕ್ಕೆ ಅಂಗೈ ಹಿಡಿಯಿರಿ. ಎರಡು ಎಣಿಸುವಷ್ಟರಲ್ಲಿ ಕೈ ಎಳೆದುಕೊಂಡರೆ ಆ ಜಾಗ ಸಾಸ್‌ಗೆ ಆಗುವುದಿಲ್ಲ. ಐದಾರು ಎಣಿಸುವ ತನಕ ತಡೆದುಕೊಳ್ಳಬಹುದಾದ ಜಾಗ ಹುಡುಕಿ, ಸಾಸ್ ಹಚ್ಚಿದ ತುಂಡುಗಳನ್ನು ಅಲ್ಲಿಗೆ ಸರಿಸಿ. ಥರ್ಮಾಮೀಟರ್ ಇದ್ದರೆ ಇನ್ನೂ ಸುಲಭ. ಕೋಳಿಯ ಒಳಗೆ 65 ಡಿಗ್ರಿ ದಾಟಿದ ಮೇಲೆ ಮೊದಲ ಸಲ ಹಚ್ಚಿ, 74 ತಲುಪುವವರೆಗೆ ತೆಳ್ಳಗೆ ಎರಡು ಮೂರು ಸಲ. 74 ಡಿಗ್ರಿ ಆಗದೆ ಕೋಳಿಯನ್ನು ಬಾಯಿಗಿಡಬೇಡಿ. ಕಾಲಿನ ತುಂಡಾದರೆ 80 ದಾಟಿದರೂ ಒಣಗುವುದಿಲ್ಲ, ಇನ್ನೂ ಮೆತ್ತಗಾಗುತ್ತದೆ.

ಮನೆಯ ಓವನ್‌ನಲ್ಲಿ ಗ್ರಿಲ್ ಮಾಡುವವರಿಗೂ ಇದೇ ಲೆಕ್ಕ. ಮೇಲಿನ ಕಾಯಿಲ್ ಕೆಂಪಗಿದ್ದಾಗ ತಟ್ಟೆಯನ್ನು ಅದರ ಮೂಗಿಗೆ ಹಿಡಿಯಬೇಡಿ. ಒಂದು ಅಂತಸ್ತು ಕೆಳಗಿಡಿ.

ಎರಡನೆಯ ತುತ್ತೇ, ಅಂದರೆ ಸಾಸ್ ಇಲ್ಲದ ಮಾಂಸವೇ ಕಹಿಯಾಗಿದ್ದರೆ ಇಷ್ಟೆಲ್ಲಾ ಮಾಡಿಯೂ ಉಪಯೋಗವಿಲ್ಲ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಬೆಂಕಿ ಎದ್ದು ಮಸಿ ಕೂತಿರುತ್ತದೆ. ಇಲ್ಲವೇ ಇದ್ದಿಲು ಪೂರ್ತಿ ಹತ್ತುವ ಮೊದಲೇ ಮಾಂಸ ಇಟ್ಟಿರುತ್ತೀರಿ. ದಟ್ಟ ಬಿಳಿ ಹೊಗೆ ಹೋಗಿ, ಕೆಂಡದ ಮೇಲೆ ಬೂದಿಯ ಪದರ ಬರುವ ತನಕ ಕಾಯಿರಿ. ಸೀಮೆಎಣ್ಣೆ ಸುರಿದು ಹೊತ್ತಿಸಿದರಂತೂ ಆ ವಾಸನೆ ಮುಚ್ಚುವ ಸಾಸ್ ಇನ್ನೂ ಹುಟ್ಟಿಲ್ಲ.

ಸಾಸ್ ಕೂರುವುದಿಲ್ಲ, ಜಾರಿ ಕೆಂಡಕ್ಕೆ ಬೀಳುತ್ತದೆ

ಸಾಸ್ ತೆಳ್ಳಗಾಯಿತು ಅಂತ ಕಾರ್ನ್‌ಫ್ಲೋರ್ ಹುಡುಕಬೇಡಿ. ಮೊದಲು ಮಾಂಸ ಮುಟ್ಟಿ ನೋಡಿ. ಮೇಲ್ಮೈ ಒದ್ದೆಯಿದ್ದರೆ ಎಂಥ ದಪ್ಪ ಸಾಸೂ ಜಾರುತ್ತದೆ. ಮೊಸರಿನಲ್ಲಿ ನೆನೆಸಿದ ಕೋಳಿಯಲ್ಲಿ ಈ ತೊಂದರೆ ಜಾಸ್ತಿ. ಮೊಸರಿನ ನೀರು ಹೊರಬರುತ್ತಲೇ ಇರುತ್ತದೆ. ಎಣ್ಣೆ ಬಳಿದಿದ್ದರೂ ಅಷ್ಟೇ.

ಸುಡುವ ಮೊದಲು ಪೇಪರ್ ಟವೆಲ್‌ನಲ್ಲಿ ಒತ್ತಿ ನೀರು ತೆಗೆಯಿರಿ. ಉಪ್ಪು, ಮೆಣಸು ಉದುರಿಸಿ ಮೇಲ್ಮೈ ಒಣಗಿ ಕಂದಾಗುವ ತನಕ ಸುಡಿ. ಆಮೇಲೆ ಸಾಸ್. ಮೊದಲ ಬಳಿತಕ್ಕೆ ಸಾಸನ್ನು ಸ್ವಲ್ಪ ನೀರು ಬೆರೆಸಿ ನೀರ್ದೋಸೆ ಹಿಟ್ಟಿನ ಹದಕ್ಕೆ ತಂದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ. ಅದು ಅಂಟಂಟಾದ ಮೇಲೆ ಎರಡನೆಯದು. ಒಂದೇ ಸಲ ದಪ್ಪಗೆ ಮೆತ್ತಿದರೆ ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು, ಮಗುಚಿದಾಗ ಹಾಳೆಯಂತೆ ಕಿತ್ತು ಬರುತ್ತದೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಸಾಸನ್ನೂ ಹಾಗೇ ಹಚ್ಚಬೇಡಿ, ಉಗುರು ಬೆಚ್ಚಗೆ ಮಾಡಿಕೊಳ್ಳಿ.

ನಿಜವಾಗಿಯೂ ತೆಳ್ಳಗಿದೆ, ಅಥವಾ ಗಟ್ಟಿಯಾಗಿಬಿಟ್ಟಿದೆ

ಇದಕ್ಕೂ ಆರಿದ ತಟ್ಟೆಯೇ ಸಾಕ್ಷಿ. ತಟ್ಟೆ ಮೇಲಿನ ಸಾಸ್‌ನ ಮಧ್ಯೆ ಬೆರಳಲ್ಲಿ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಹದ ಬಂದಿದೆ. ಎರಡೂ ಕಡೆಯಿಂದ ಹರಿದು ಕೂಡಿಕೊಂಡರೆ ಇನ್ನೂ ಕುದಿಯಬೇಕು. ಮುಚ್ಚಳ ತೆಗೆದು, ಅಗಲ ಬಾಯಿಯ ಪಾತ್ರೆಗೆ ಸುರಿದು, ಸಣ್ಣ ಉರಿಯಲ್ಲಿ ಇನ್ನೊಂದು ಐದಾರು ನಿಮಿಷ ಇಡಿ. ಎತ್ತರದ ಪಾತ್ರೆಯಲ್ಲಿ ನೀರು ಬೇಗ ಆರುವುದಿಲ್ಲ.

ಕಾರ್ನ್‌ಫ್ಲೋರ್ ಹಾಕಿದ ಸಾಸ್ ಮೊದಲು ಗಟ್ಟಿಯಾಗಿ, ಮತ್ತೆ ತುಂಬಾ ಹೊತ್ತು ಕುದಿಸಿದಾಗ ತೆಳ್ಳಗಾಯಿತು ಅಂತ ಕೆಲವರಿಗೆ ಅಚ್ಚರಿ. ಅದು ವಿನೆಗರ್‌ನ ಕೆಲಸ. ಹುಳಿಯಲ್ಲಿ ಜಾಸ್ತಿ ಹೊತ್ತು ಕುದಿದರೆ ಪಿಷ್ಟ ಒಡೆದು ಹಿಡಿತ ಬಿಡುತ್ತದೆ. ಇನ್ನಷ್ಟು ಕಾರ್ನ್‌ಫ್ಲೋರ್ ಹಾಕಿದರೆ ಸಾಸ್ ಲೋಳೆ ಲೋಳೆ. ನನ್ನನ್ನು ಕೇಳಿದರೆ ಈ ಸಾಸ್‌ಗೆ ಅದು ಬೇಕಾಗಿಯೇ ಇಲ್ಲ. ಟೊಮ್ಯಾಟೊ ಮತ್ತು ಬೆಲ್ಲ ಸಾಕು.

ಗಟ್ಟಿಯಾದರೆ ಬಿಸಿ ನೀರು ಒಂದೊಂದೇ ಚಮಚ ಬೆರೆಸಿ. ವಿನೆಗರ್ ಬೇಡ, ರುಚಿ ಕೆಡುತ್ತದೆ. ಆದರೆ ತಳ ಹಿಡಿದು ಗಟ್ಟಿಯಾಗಿದ್ದರೆ ಸೌಟು ಹಾಕಿ ಕೆರೆಯಬೇಡಿ. ಮೇಲಿನದ್ದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ ರುಚಿ ನೋಡಿ. ಸೀದ ವಾಸನೆ ಹತ್ತಿದ್ದರೆ ಆ ಸಾಸ್ ಮುಗಿಯಿತು. ಅದಕ್ಕೆ ಮದ್ದಿಲ್ಲ.

ಹುಳಿ, ಸಿಹಿ, ಅಥವಾ ಸಪ್ಪೆ

ಏನೋ ಕಡಿಮೆ ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಹೀಗಾದಾಗ ಕಡಿಮೆಯಿರುವುದು ಸಾಮಾನ್ಯವಾಗಿ ಉಪ್ಪು. ಆರಿದ ಎರಡು ಚಮಚ ಸಾಸನ್ನು ಪಕ್ಕಕ್ಕೆ ತೆಗೆದು ಅದಕ್ಕೆ ಮಾತ್ರ ಚಿಟಿಕೆ ಉಪ್ಪು ಹಾಕಿ ನೋಡಿ. ಅದಕ್ಕೂ ಸರಿಹೋಗದಿದ್ದರೆ ಇನ್ನೆರಡು ಚಮಚ ತೆಗೆದು ಕೆಲವು ಹನಿ ವಿನೆಗರ್. ಪಾತ್ರೆಗೇ ಪ್ರಯೋಗ ಮಾಡಬೇಡಿ. ಉಪ್ಪನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣವೂ ಇದೆ. ಕೆಚಪ್, ವೂಸ್ಟರ್ ಸಾಸ್ ಎರಡರಲ್ಲೂ ಉಪ್ಪಿದೆ. ಕೆಲವು ಬೆಲ್ಲದಲ್ಲೂ ಉಪ್ಪಿನ ರುಚಿ ಇರುತ್ತದೆ.

ಹುಳಿ ಚುಚ್ಚುತ್ತಿದ್ದರೆ ವಿನೆಗರ್ ಬಾಟಲಿಯ ಲೇಬಲ್ ಓದಿ. ನಮ್ಮ ಕಿರಾಣಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಸಿಂಥೆಟಿಕ್ ವಿನೆಗರ್, ಅಂದರೆ ನೀರು ಬೆರೆಸಿದ ಅಸಿಟಿಕ್ ಆಸಿಡ್. ಬರೀ ಹುಳಿ, ಹಿಂದೆ ಬೇರೆ ರುಚಿ ಏನೂ ಇಲ್ಲ. ಸೇಬಿನ ವಿನೆಗರ್ ಹಾಕಿದರೆ ಅಷ್ಟೇ ಹುಳಿಯಲ್ಲೂ ಒಂದು ಹಣ್ಣಿನ ಮೆದು ಬರುತ್ತದೆ. ಸಿಂಥೆಟಿಕ್ ಮಾತ್ರ ಇದ್ದರೆ ಮೂರನೇ ಒಂದು ಭಾಗ ಕಡಿಮೆ ಮಾಡಿ, ಆ ಜಾಗಕ್ಕೆ ಗಟ್ಟಿ ಹುಣಸೆ ರಸ ಒಂದೆರಡು ಚಮಚ ಹಾಕಿ. ಇದೇನು ನಮ್ಮ ಚಪಲಕ್ಕೆ ಸೇರಿಸಿದ್ದಲ್ಲ. 1837ರಿಂದ ಮಾರಾಟದಲ್ಲಿರುವ ಇಂಗ್ಲೆಂಡಿನ ಲೀ ಅಂಡ್ ಪೆರಿನ್ಸ್ ವೂಸ್ಟರ್ ಸಾಸ್‌ನಲ್ಲೇ ಹುಣಸೆಹಣ್ಣು ಇದೆ. ಆ್ಯಂಚೊವಿ ಮೀನೂ ಇದೆ. ಅದೇ ಕೆಂಡದಲ್ಲಿ ಪನೀರ್ ಸುಟ್ಟುಕೊಳ್ಳಲು ಬಂದಿರುವ ಸಸ್ಯಾಹಾರಿ ನೆಂಟರಿಗೆ ಈ ಸಾಸ್ ಕೊಡುವ ಮೊದಲು ಇದು ನೆನಪಿರಲಿ.

ಹುಳಿ ಇಳಿಸಲು ಅಡುಗೆ ಸೋಡಾ ಹಾಕುವವರಿದ್ದಾರೆ. ಬೇಡ. ಭುಸ್ಸೆಂದು ನೊರೆ ಬಂದು ಹುಳಿ ಹೋಗುತ್ತದೆ ನಿಜ, ಜೊತೆಗೆ ರುಚಿಯೂ ಚಪ್ಪೆಯಾಗುತ್ತದೆ. ಸಾಸ್ ಕೆಡದಂತೆ ಕಾಯುವುದೇ ಆ ಹುಳಿ. ಅದನ್ನು ಕೊಂದರೆ ಬೇಗ ಹಾಳಾಗುತ್ತದೆ.

ಸಿಹಿ ಜಾಸ್ತಿಯಾದರೆ ಕಾಳುಮೆಣಸು, ಸಾಸಿವೆ ಪುಡಿ ಸ್ವಲ್ಪ ಏರಿಸಿ. ಆಗಲೂ ಸಾಲದಿದ್ದರೆ ಬೆಲ್ಲವಿಲ್ಲದ ಟೊಮ್ಯಾಟೊ ಪ್ಯೂರಿ ಸೇರಿಸಿ ಮತ್ತೆ ಹತ್ತು ನಿಮಿಷ ಕುದಿಸಿ.

ಹಸಿ ವಾಸನೆ ಮತ್ತು ಪಾತ್ರೆಯೊಳಗಿನ ಕಹಿ

ತಟ್ಟೆಯ ಸಾಸೇ ಕಹಿ ಅಂದರೆ ಅನುಮಾನ ಮೂರರ ಮೇಲೆ.

ಒಂದು, ಮೆಣಸಿನ ಪುಡಿ ಸೀದಿದೆ. ಬೆಣ್ಣೆ ಕಾದು ಹೊಗೆಯಾಡುವಾಗ ಬ್ಯಾಡಗಿ ಪುಡಿ ಹಾಕಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೆಂಪು ಹೋಗಿ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಮನೆಯೆಲ್ಲಾ ಘಾಟು. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ, ಬೆಳ್ಳುಳ್ಳಿ ಹಾಕಿ, ಒಲೆ ಆರಿಸಿ ಪುಡಿ ಹಾಕಿ. ಅರ್ಧ ನಿಮಿಷ ಕೈಯಾಡಿಸಿ ಕೆಚಪ್ ಸುರಿದುಬಿಡಿ. ಪುಡಿಯನ್ನು ಬೆಣ್ಣೆಗೆ ತೋರಿಸದೆ ನೇರ ಕುದಿಯುವ ಸಾಸ್‌ಗೆ ಹಾಕಿದರೆ ಎದುರಾಗುವುದು ಹಸಿ ವಾಸನೆ. ಈರುಳ್ಳಿ ಸರಿಯಾಗಿ ಬಾಡದಿದ್ದರೂ ಅದೇ ವಾಸನೆ. ಅದಕ್ಕೆ ಮದ್ದು ಸುಲಭ: ಸ್ವಲ್ಪ ನೀರು ಬೆರೆಸಿ ಇನ್ನೊಂದು ಕಾಲು ಗಂಟೆ ಸಣ್ಣ ಉರಿಯಲ್ಲಿಡಿ.

ಎರಡು, ಪಾತ್ರೆ. ವಿನೆಗರ್, ಟೊಮ್ಯಾಟೊ ಎರಡೂ ಲೋಹ ತಿನ್ನುತ್ತವೆ. ಕಲಾಯಿ ಹೋದ ಹಿತ್ತಾಳೆ, ತಾಮ್ರದಲ್ಲಿ ಕುದಿಸಿದರೆ ಕಿಲುಬಿನ ರುಚಿ ಬರುತ್ತದೆ. ಅಂಥದ್ದನ್ನು ಚೆಲ್ಲಿ, ತಿನ್ನಬೇಡಿ. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಣ್ಣ ಕಪ್ಪಾಗಿ ನಾಲಿಗೆಗೆ ಕಬ್ಬಿಣ ಹತ್ತುತ್ತದೆ. ಅಲ್ಯೂಮಿನಿಯಂ ಕೂಡ ಬೇಡ. ದಪ್ಪ ತಳದ ಸ್ಟೀಲ್ ಪಾತ್ರೆ ಇದ್ದರೆ ಬೇರೇನೂ ಬೇಕಿಲ್ಲ.

ಮೂರು, ಬಾಟಲಿ ಹೊಗೆ. ಲಿಕ್ವಿಡ್ ಸ್ಮೋಕ್ ಅಂತ ಸಿಗುತ್ತದೆ. ಸೌದೆ ಹೊಗೆಯನ್ನು ತಣಿಸಿ ನೀರಲ್ಲಿ ಹಿಡಿದದ್ದು. ಈ ಅಳತೆಯ ಸಾಸ್‌ಗೆ ನಾಲ್ಕೈದು ಹನಿ ಸಾಕು. ಒಂದು ಚಮಚ ಹಾಕಿದರೆ ಔಷಧಿ ಅಂಗಡಿ ವಾಸನೆ, ಮತ್ತೆ ಒಗರು. ಜಾಸ್ತಿ ಬಿದ್ದಿದ್ದರೆ ಹೊಗೆಯಿಲ್ಲದ ಇನ್ನೊಂದು ಅಳತೆ ಸಾಸ್ ಮಾಡಿ ಬೆರೆಸುವುದೊಂದೇ ದಾರಿ. ಕೆಂಡದ ಮೇಲೆ ಸುಡುವವರಿಗೆ ಈ ಬಾಟಲಿ ಯಾಕೆ ಬೇಕೋ ನನಗಂತೂ ಅರ್ಥವಾಗಿಲ್ಲ.

ಹಲ್ಲಿಗೆ ಮರಳು ಸಿಕ್ಕರೆ ಬೆಲ್ಲದ್ದೇ ತಪ್ಪು. ಮುಂದಿನ ಸಲ ಪಾಯಸಕ್ಕೆ ಮಾಡುವ ಹಾಗೆ ಅರ್ಧ ಕಪ್ ನೀರಿನಲ್ಲಿ ಕರಗಿಸಿ ಸೋಸಿ ಹಾಕಿ.

ಇಟ್ಟ ಮೇಲೆ ಕಾಣುವ ದೋಷಗಳು

ಬೆಳ್ಳುಳ್ಳಿ ಹಸಿರು ಅಥವಾ ನೀಲಿ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಹಸಿ ಬೆಳ್ಳುಳ್ಳಿ ಹುಳಿಗೆ ಸೇರಿದಾಗ ಹೀಗಾಗುವುದುಂಟು, ತಿನ್ನಬಹುದು. ಮೇಲೆ ಕೆಂಪು ಎಣ್ಣೆ ತೇಲಿದರೆ ಅದು ಬೆಣ್ಣೆ, ಬೆಚ್ಚಗೆ ಮಾಡಿ ಕಲಕಿದರೆ ಸೇರಿಕೊಳ್ಳುತ್ತದೆ.

ಬೂಷ್ಟು ಕಂಡರೆ ಮೇಲಿನದ್ದನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸುವ ಉಳಿತಾಯ ಬೇಡ. ಪೂರ್ತಿ ಚೆಲ್ಲಿ. ಮುಚ್ಚಳ ತೆರೆದಾಗ ಟುಸ್ ಅಂತ ಗಾಳಿ ಹೊರಬಂದರೂ, ಗುಳ್ಳೆ ಕಂಡರೂ ಅಷ್ಟೇ, ಒಳಗೆ ಹುದುಗು ಶುರುವಾಗಿದೆ. ಈ ಸಾಸ್‌ನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುವುದರಿಂದ ಹೊರಗೆ ಇಡಬೇಡಿ. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ.

ಎರಡೇ ದಿನಕ್ಕೆ ಕೆಟ್ಟಿತು ಅಂದರೆ ಬ್ರಷ್ ಎಲ್ಲೆಲ್ಲಿ ಓಡಾಡಿತು ಅಂತ ಯೋಚಿಸಿ. ಅರೆಬೆಂದ ಕೋಳಿಗೆ ತಾಗಿದ ಬ್ರಷ್ ಮತ್ತೆ ಬಾಟಲಿಯೊಳಗೆ ಹೋದರೆ ಹಸಿ ಮಾಂಸದ ಕ್ರಿಮಿಗಳೂ ಅದರ ಜೊತೆ ಹೋಗುತ್ತವೆ. ಹಚ್ಚುವುದಕ್ಕೆ ಒಂದು ಬಟ್ಟಲು, ಊಟಕ್ಕೆ ಇನ್ನೊಂದು ಬಟ್ಟಲು ಮೊದಲೇ ಬೇರೆ ಮಾಡಿಡಿ. ಹಚ್ಚಿ ಉಳಿದದ್ದನ್ನು ಬಾಟಲಿಗೆ ವಾಪಸ್ ಸುರಿಯದೆ ಚೆಲ್ಲಿಬಿಡಿ.